ಬೆಳಗಾವಿ ಟಿಳಕವಾಡಿಯ ಸರ್ವರ್ ರಿಪೇರಿ ಅಂಗಡಿ: ನಮ್ಮ ಸರ್ವರ್ ಬೋರ್ಡಿಗೆ ಅದರ ಹೆಸರು ಬರೆದುಕೊಟ್ಟವರು

ಹನ್ನೊಂದು ದಿನ ನಮ್ಮ ಆಫೀಸಿನಲ್ಲಿ ಯಾರೂ ಮೆಲ್ಲಗೆ ಮಾತಾಡಲಿಲ್ಲ. ಸರ್ವರ್‌ನ ಫ್ಯಾನ್‌ಗಳು ಹಗಲೂ ರಾತ್ರಿ ಪೂರ್ತಿ ವೇಗದಲ್ಲಿ ತಿರುಗುತ್ತಿದ್ದವು. ಫೋನ್ ಬಂದರೆ ಎದ್ದು ಹೊರಗೆ ಹೋಗಬೇಕು. ಪಕ್ಕದ ಶೆಡ್ಡಿನಲ್ಲಿ ಲೇಥ್ ಓಡುವ ಸದ್ದು ನಮಗೆ ಅಭ್ಯಾಸ ಆಗಿದೆ, ಇದು ಮಾತ್ರ ಅಭ್ಯಾಸ ಆಗಲೇ ಇಲ್ಲ. ಇದನ್ನು ಒಂದೇ ಮಧ್ಯಾಹ್ನದಲ್ಲಿ ಸರಿ ಮಾಡಿಕೊಟ್ಟ ಅಂಗಡಿ ಇದು. ಏನು ಮಾಡಿದರು, ಯಾಕೆ ಮಾಡಿದರು ಅನ್ನೋದನ್ನೂ ಬರೆಯುತ್ತೇನೆ, ಯಾಕಂದ್ರೆ ಇದೇ ತೊಂದರೆ ಉದ್ಯಮಬಾಗದಲ್ಲಿ ಇನ್ನೂ ಎಷ್ಟೋ ಜನರಿಗೆ ಆಗಿರಬೇಕು, ಅವರೂ ನಮ್ಮ ಹಾಗೆ ಬೋರ್ಡ್ ಕೆಟ್ಟಿದೆ ಅಂತಲೇ ತಿಳಿದುಕೊಂಡಿರಬೇಕು.

ನಮ್ಮದು ಉದ್ಯಮಬಾಗದಲ್ಲಿ ಮಷೀನಿಂಗ್ ಯೂನಿಟ್. ಹೈಡ್ರಾಲಿಕ್ ಬಿಡಿಭಾಗ ಮಾಡುತ್ತೇವೆ. ಅಪ್ಪ ಶುರು ಮಾಡಿದ್ದು, ಈಗ ಲೆಕ್ಕ, ಸ್ಟಾಕು, ಕಂಪ್ಯೂಟರ್ ಎಲ್ಲ ನಾನು ನೋಡಿಕೊಳ್ಳುತ್ತೇನೆ. ಇಂಟೆಲ್ ಬೋರ್ಡಿನ ಒಂದು ಟವರ್ ಸರ್ವರ್ ಇದೆ, ಅದರಲ್ಲೇ ಡ್ರಾಯಿಂಗ್, ಅದರಲ್ಲೇ ಬಿಲ್ಲು. ಮೇ ತಿಂಗಳಲ್ಲಿ ಅಡ್ಡಮಳೆ ಬಂದಾಗ ಒಂದು ಸಿಡಿಲು ಹೊಡೆಯಿತು ನೋಡಿ, ಮದರ್‌ಬೋರ್ಡ್ ಹೋಯಿತು. ಮೊದಲಿಂದ ನಮಗೆ ಬರುತ್ತಿದ್ದ ಸರ್ವಿಸ್‌ನವರನ್ನೇ ಕರೆಸಿದೆವು, ಅವರ ಹೆಸರು ಇಲ್ಲಿ ಬೇಡ. ಅದೇ ಮಾಡೆಲ್‌ನ ರಿಫರ್ಬಿಶ್, ಅಂದರೆ ಬಳಸಿದ್ದನ್ನು ರಿಪೇರಿ ಮಾಡಿದ, ಬೋರ್ಡ್ ತಂದು ಹಾಕಿದರು. ವಿಂಡೋಸ್ ಏರಿತು, ಫೈಲ್ ಎಲ್ಲ ಇದ್ದವು, ₹26,000 ತಗೊಂಡು ಹೋದರು. ಫ್ಯಾನ್ ಯಾಕೆ ಹೀಗೆ ಕೂಗುತ್ತೆ ಅಂತ ಕೇಳಿದ್ದಕ್ಕೆ, "ಬೋರ್ಡ್ ಹೊಸಾದ ಐತ್ರಿ, ಎರಡ ದಿನ ಹಂಗ ಇರ್ತೈತಿ" ಅಂದರು.

ಎರಡು ದಿನ ಆಯಿತು, ನಾಲ್ಕು ಆಯಿತು. ಐದನೇ ದಿನ ಸ್ಟಾಕ್ ಸಾಫ್ಟ್‌ವೇರ್ ತೆರೆದರೆ ಲೈಸೆನ್ಸ್ ಈ ಮಷೀನಿನದಲ್ಲ ಅಂತ ತೋರಿಸಿತು. ಫೋನ್ ಮಾಡಿದರೆ, ಬೋರ್ಡಿನಲ್ಲೇ ದೋಷ ಇರಬಹುದು, ಇನ್ನೊಂದು ತರಿಸೋಣ ಅಂದರು, ಅದೂ ನಮ್ಮ ದುಡ್ಡಿನಲ್ಲಿ. ಇನ್ನೊಬ್ಬರು ಬಂದು ಫ್ಯಾನಿನ ವೈರಿಗೆ ರೆಸಿಸ್ಟರ್ ಹಾಕಿ ವೇಗ ಇಳಿಸಿಬಿಡುತ್ತೇನೆ ಅಂದರು. ಅದನ್ನು ನಾನು ಒಪ್ಪಲಿಲ್ಲ. ಒಳಗೆ ಬಿಸಿ ಏರಿದಾಗಲೂ ಫ್ಯಾನ್ ಮೆಲ್ಲಗೇ ತಿರುಗಿದರೆ ಪ್ರೊಸೆಸರ್ ಗತಿ ಏನು? ಸದ್ದು ನಿಲ್ಲಿಸೋಕೆ ಹೋಗಿ ಮಷೀನನ್ನೇ ಸುಡೋ ಕೆಲಸ ಅದು. ಯಾರಾದರೂ ನಿಮಗೂ ಹೀಗೆ ಹೇಳಿದರೆ ದಯವಿಟ್ಟು ಮಾಡಿಸಬೇಡಿ.

ಮಚ್ಛೆಯಲ್ಲಿ ಫೌಂಡ್ರಿ ಇಟ್ಟುಕೊಂಡಿರುವ ನಮ್ಮ ಪರಿಚಯದವರೊಬ್ಬರು ಈ ಅಂಗಡಿ ಹೇಳಿದರು. ಕಾಂಗ್ರೆಸ್ ರಸ್ತೆಯಿಂದ ಎರಡನೇ ರೈಲ್ವೆ ಗೇಟ್ ಕಡೆ ಬಂದರೆ ಮೊದಲನೇ ಮಹಡಿಯಲ್ಲಿದೆ, ಕೆಳಗೆ ಝೆರಾಕ್ಸ್ ಅಂಗಡಿ. ಅಂಗಡಿಯ ಹೆಸರಿನ ಫಲಕ ಚಿಕ್ಕದು, ಮೊದಲ ಸಲ ಹೋದಾಗ ದಾಟಿ ಮುಂದೆ ಹೋಗಿಬಿಡುತ್ತೀರಿ. ಒಳಗೆ ಮಾಲೀಕರು, ಜೊತೆಗೆ ಒಬ್ಬ ಹುಡುಗಿ, ಇಬ್ಬರೇ.

ನಾನು ಫೋನಿನಲ್ಲಿ ರೆಕಾರ್ಡ್ ಮಾಡಿದ ಫ್ಯಾನಿನ ಸದ್ದು ಕೇಳಿಸಿದೆ. ಅವರು ಅರ್ಧವೂ ಕೇಳಲಿಲ್ಲ.

"ಅಕ್ಕಾರ, ಬೋರ್ಡ್ ಬದಲ ಮಾಡಿದ ಮ್ಯಾಲ ಎಫ್‌ಆರ್‌ಯು, ಎಸ್‌ಡಿಆರ್ ಹಾಕ್ಯಾರೇನ್ರಿ?"

ಅದು ಏನಂತಲೇ ನನಗೆ ಗೊತ್ತಿಲ್ಲ ಅಂದೆ.

"ಹಂಗಾರ ಬೋರ್ಡ್ ಕೆಟ್ಟಿಲ್ರಿ. ತಾ ಯಾರು, ಯಾವ ಡಬ್ಬಿಯೊಳಗ ಕುಂತೇನಿ ಅಂತ ಅದಕ್ಕ ಯಾರೂ ಹೇಳಿಲ್ಲ, ಅಷ್ಟ."

ಆಮೇಲೆ ಒಂದು ಹಾಳೆ ತಗೊಂಡು ಚಿತ್ರ ಬರೆದು ತಿಳಿಸಿದರು. ನನಗೆ ಅರ್ಥ ಆದ ಹಾಗೆ ಹೇಳುತ್ತೇನೆ. ಸರ್ವರ್ ಬೋರ್ಡಿನಲ್ಲಿ ಬಿಎಂಸಿ ಅಂತ ಒಂದು ಸಣ್ಣ ಬೇರೆ ಕಂಪ್ಯೂಟರ್ ಇರುತ್ತೆ. ನೀವು ಸರ್ವರ್ ಆಫ್ ಮಾಡಿದರೂ ವೈರ್ ಚುಚ್ಚಿರೋವರೆಗೂ ಅದು ಎಚ್ಚರ ಇರುತ್ತೆ. ಬಿಸಿ ನೋಡೋದು, ಫ್ಯಾನ್ ನಡೆಸೋದು, ಪವರ್ ಸಪ್ಲೈ ಸರಿ ಇದೆಯಾ ನೋಡೋದು ಎಲ್ಲ ಅದರ ಕೆಲಸ. ಆದರೆ ಇದೇ ಬೋರ್ಡನ್ನು ಬೇರೆ ಬೇರೆ ಡಬ್ಬಿಗಳಲ್ಲಿ ಹಾಕಬಹುದು, ಒಂದರಲ್ಲಿ ಎರಡು ಫ್ಯಾನ್, ಇನ್ನೊಂದರಲ್ಲಿ ಐದು. ಹಾಗಾಗಿ ಈ ಡಬ್ಬಿಯಲ್ಲಿ ಯಾವ ಫ್ಯಾನ್ ಎಲ್ಲಿದೆ, ಯಾವ ಸೆನ್ಸಾರ್ ಎಷ್ಟು ಡಿಗ್ರಿ ದಾಟಿದರೆ ಯಾವ ಫ್ಯಾನ್ ಎಷ್ಟು ಜೋರು ಮಾಡಬೇಕು ಅನ್ನೋ ಪಟ್ಟಿಯನ್ನು ಬೋರ್ಡಿನ ಚಿಪ್ಪಿನಲ್ಲೇ ಇರೋ ಪ್ರೋಗ್ರಾಮಿನಲ್ಲಿ, ಅಂದರೆ ಫರ್ಮ್‌ವೇರ್‌ನಲ್ಲಿ ಬರೆದಿಡಬೇಕು. ಆ ಪಟ್ಟಿಯೇ ಎಸ್‌ಡಿಆರ್. ಪಟ್ಟಿ ಇಲ್ಲದಿದ್ದರೆ, ಅಥವಾ ಡಬ್ಬಿಗೆ ಹೊಂದದಿದ್ದರೆ, ಬಿಎಂಸಿ ಅಪಾಯ ಬೇಡ ಅಂತ ಎಲ್ಲ ಫ್ಯಾನನ್ನೂ ಪೂರ್ತಿ ಓಡಿಸುತ್ತೆ. ಅಂದರೆ ಹನ್ನೊಂದು ದಿನ ಆ ಬೋರ್ಡ್ ನಮ್ಮ ಮಷೀನನ್ನು ಕಾಪಾಡುತ್ತಾ ಕೂತಿತ್ತು.

ಇನ್ನೊಂದು ಎಫ್‌ಆರ್‌ಯು. ಅದು ಸಣ್ಣ ಚಿಪ್ಪಿನಲ್ಲಿರೋ ಗುರುತಿನ ಚೀಟಿ. ಡಬ್ಬಿಯದು ಒಂದು ಭಾಗ, ಬೋರ್ಡಿನದು ಒಂದು, ಇಡೀ ಮಷೀನಿನದು ಒಂದು. ತಯಾರಿಸಿದವರು ಯಾರು, ಮಾಡೆಲ್ ಏನು, ಪಾರ್ಟ್ ನಂಬರ್, ಸೀರಿಯಲ್ ನಂಬರ್, ನಾವು ಕೊಟ್ಟ ಆಸ್ತಿ ನಂಬರ್ ಎಲ್ಲ ಅಲ್ಲಿ ಇರುತ್ತೆ. ನಮ್ಮ ಮಷೀನಿನಲ್ಲಿ ಬಯೋಸ್ (ಮಷೀನ್ ಆನ್ ಆದಾಗ ಮೊದಲು ಓಡೋ ಪ್ರೋಗ್ರಾಮ್) ಈ ಚೀಟಿಯನ್ನೇ ಓದಿ ವಿಂಡೋಸ್‌ಗೆ ಹೇಳುತ್ತೆ, ವಿಂಡೋಸ್‌ನಿಂದ ಸಾಫ್ಟ್‌ವೇರ್ ಕೇಳುತ್ತೆ. ಲೈಸೆನ್ಸ್ ಯಾಕೆ ಹೋಯಿತು ಅಂತ ಅಲ್ಲಿಗೆ ಗೊತ್ತಾಯಿತು ಅಲ್ವಾ.

ಮಾರನೇ ದಿನ ಹನ್ನೆರಡು ಗಂಟೆಗೆ ಬರುತ್ತೇವೆ ಅಂದವರು ಒಂದೂವರೆಗೆ ಬಂದರು. ಮೂರನೇ ಗೇಟಿನ ಹತ್ತಿರ ಸಿಕ್ಕಿಹಾಕಿಕೊಂಡಿದ್ದೆವು ಅಂದರು. ತಡ ಆದದ್ದು ಆಯಿತು, ಆದರೆ ಒಂದು ಫೋನ್ ಮಾಡಬಹುದಿತ್ತು.

ಬಂದ ಮೇಲೆ ಅವರು ಮಷೀನ್ ಬಿಚ್ಚಲಿಲ್ಲ. ಮೊದಲು ಹುಡುಗಿ ಟಾರ್ಚ್ ಹಿಡಿದು ಡಬ್ಬಿಯ ಹಿಂದಿನ ಸ್ಟಿಕ್ಕರ್ ಫೋಟೋ ತೆಗೆದರು. ಅದರ ಮೇಲೆ ಕಬ್ಬಿಣದ ಧೂಳು ಎಷ್ಟು ಕೂತಿತ್ತು ಅಂದ್ರೆ ಬಟ್ಟೆಯಿಂದ ಒರೆಸಿದ ಮೇಲೇ ನಂಬರ್ ಕಾಣಿಸಿದ್ದು. ಆಮೇಲೆ ಸರ್ವರ್ ಕೊಂಡಾಗಿನ ಬಿಲ್ಲು ಕೇಳಿದರು. ಯಾಕೆ ಅಂದೆ. ಸ್ಟಿಕ್ಕರ್ ಮೇಲಿನ ನಂಬರ್, ಬಿಲ್ಲಿನ ನಂಬರ್ ಎರಡೂ ತಾಳೆ ಆದರೆ ಮಾತ್ರ ಆ ನಂಬರ್ ಒಳಗೆ ಬರೆಯುತ್ತೇವೆ, ಬಾಯಲ್ಲಿ ಹೇಳಿದ್ದನ್ನು ಬರೆಯಲ್ಲ ಅಂದರು. ನನಗೆ ಈ ಮಾತು ತುಂಬಾ ಹಿಡಿಸಿತು. ಬೇರೆ ಮಷೀನಿನ ನಂಬರ್ ಬರೆಸಿಕೊಂಡು ವಾರಂಟಿ ತಗೊಳ್ಳೋರು, ಲೈಸೆನ್ಸ್ ಓಡಿಸೋರು ಇರುತ್ತಾರೆ, ಅಂಥ ಕೆಲಸಕ್ಕೆ ಇವರು ಕೈ ಹಾಕಲ್ಲ.

ಲ್ಯಾಪ್‌ಟಾಪ್ ಜೋಡಿಸಿ ಐಪಿಎಂಐಟೂಲ್ ಅನ್ನೋ ಪ್ರೋಗ್ರಾಮಿನಿಂದ ಆ ಚೀಟಿಯನ್ನು ಪರದೆಗೆ ತಂದರು. ಸೀರಿಯಲ್ ನಂಬರ್ ಮುಂದೆ ಬರೀ ಚುಕ್ಕೆಗಳ ಸಾಲು. ಆಸ್ತಿ ನಂಬರ್ ಮುಂದೂ ಚುಕ್ಕೆ. ಚುಕ್ಕಿ ಇಟ್ಟು ಗೆರೆ ಎಳೆಯದೆ ಬಿಟ್ಟ ರಂಗೋಲಿ ಹಾಗೆ. ಬೋರ್ಡ್ ತಯಾರಾದ ದಿನ ಅಂತ 1996ರ ಜನವರಿ 1, ಸೋಮವಾರ ಅಂತ ಇತ್ತು. ಅಪ್ಪ ಹಿಂದೆ ನಿಂತು ನೋಡುತ್ತಿದ್ದವರು, ಇಷ್ಟು ಹಳೇ ಬೋರ್ಡ್ ಕೊಟ್ಟು ಮೋಸ ಮಾಡಿದರಾ ಅಂತ ಗಾಬರಿಯಾದರು. ಮಾಲೀಕರು ನಿಧಾನಕ್ಕೆ ಹೇಳಿದರು. ಆ ಚಿಪ್ಪಿನಲ್ಲಿ ತಾರೀಖನ್ನು ತಾರೀಖಿನ ಹಾಗೆ ಬರೆಯಲ್ಲ, 1996ರ ಜನವರಿ 1ರಿಂದ ಎಷ್ಟು ನಿಮಿಷ ಆಯಿತು ಅಂತ ಮೂರು ಬೈಟಿನಲ್ಲಿ ಎಣಿಸಿ ಇಡುತ್ತಾರೆ. ಇಲ್ಲಿ ಸೊನ್ನೆ ಇದೆ, ಅಂದರೆ ಯಾರೋ ಅಳಿಸಿ ಹಾಗೇ ಬಿಟ್ಟಿದ್ದಾರೆ, ಅಷ್ಟೇ. ಅಪ್ಪನಿಗೆ ಸಮಾಧಾನ ಆಯಿತು. ಗಿರಾಕಿ ಹೆದರಿದಾಗ ಅದನ್ನೇ ಹಿಡಿದು ಇನ್ನೊಂದು ಬೋರ್ಡ್ ಮಾರೋದು ಎಷ್ಟು ಸುಲಭ ಇತ್ತು, ಇವರು ಹಾಗೆ ಮಾಡಲಿಲ್ಲ.

ಮುಂದೆ ಇದ್ದದ್ದನ್ನು ಇದ್ದ ಹಾಗೇ ಒಂದು ಫೈಲಿಗೆ ಇಳಿಸಿಕೊಂಡರು. ಚುಕ್ಕೆಗಳನ್ನೂ ಯಾಕೆ ಉಳಿಸಬೇಕು ಅಂದೆ. ತಪ್ಪಾದರೆ ವಾಪಸ್ ಹೋಗೋಕೆ ಒಂದು ಜಾಗ ಬೇಕಲ್ಲ ಅಂದರು. ಆ ಫೈಲ್ ನಮ್ಮ ಪೆನ್‌ಡ್ರೈವ್‌ಗೂ ಹಾಕಿಕೊಟ್ಟರು.

ಆಮೇಲೆ ಯುಪಿಎಸ್. "ಇದು ಎಷ್ಟ ಹೊತ್ತ ತಡೀತೈತ್ರಿ?" ಅಂದರು. ಅರ್ಧ ಗಂಟೆ ಅಂದೆ. ನಂಬಲಿಲ್ಲ. ಸರ್ವರ್ ಆಫ್ ಮಾಡಿಸಿ, ಯುಪಿಎಸ್‌ಗೆ ನಮ್ಮ ಆಫೀಸಿನ ಎರಡು ಕಂಪ್ಯೂಟರ್ ಚುಚ್ಚಿ, ಗೋಡೆಯ ಸ್ವಿಚ್ ಆರಿಸಿ ಗಡಿಯಾರ ನೋಡುತ್ತಾ ಕೂತರು. ಹದಿನಾಲ್ಕು ನಿಮಿಷಕ್ಕೆ ಕೂಗೋಕೆ ಶುರು ಮಾಡಿತು. ಸಾಕು, ನಮಗೆ ಐದು ನಿಮಿಷದ ಕೆಲಸ ಅಂದರು, ಆದರೆ ಬ್ಯಾಟರಿ ಮತ್ತೆ ಸಾಕಷ್ಟು ತುಂಬೋವರೆಗೂ ಕಾದರು. ಫರ್ಮ್‌ವೇರ್ ಬರೆಯುವಾಗ ಅರ್ಧಕ್ಕೆ ಕರೆಂಟ್ ಹೋದರೆ ಬೋರ್ಡ್ ಏಳದೇ ಹೋಗಬಹುದು. ಮಳೆಗಾಲದ ಮುಂದೆ ನಮ್ಮ ಕಡೆ ಕರೆಂಟ್ ಹೇಗೆ ಅಂತ ಎಲ್ಲರಿಗೂ ಗೊತ್ತು. ಆ ಹೊತ್ತಿನಲ್ಲಿ ಅವರಿಗೆ ಚಹಾ, ಮನೆಯಿಂದ ತಂದಿದ್ದ ಕುಂದಾ ಕೊಟ್ಟೆವು.

ನಮ್ಮ ಬೋರ್ಡಿನ ಅಪ್‌ಡೇಟ್ ಫೈಲ್ ಅವರ ಹತ್ತಿರ ಮೊದಲೇ ಇತ್ತು. ಇದನ್ನು ಯಾಕೆ ಹೇಳುತ್ತೇನೆ ಅಂದ್ರೆ, 2023ರಲ್ಲಿ ಇಂಟೆಲ್ ತನ್ನ ಸರ್ವರ್ ಬೋರ್ಡ್ ವ್ಯವಹಾರವನ್ನು ತೈವಾನಿನ ಮೈಟ್ಯಾಕ್ ಕಂಪನಿಗೆ ಬಿಟ್ಟುಕೊಟ್ಟಿತು, ಆಮೇಲೆ ಇಂಥ ಫೈಲನ್ನು ಎಲ್ಲಿ ಹುಡುಕಬೇಕು ಅನ್ನೋದೂ ಬದಲಾಯಿತು. ಇವರು ಒಂದೊಂದು ಮಾಡೆಲ್‌ಗೂ ಬೇರೆ ಫೋಲ್ಡರ್ ಮಾಡಿ, ಯಾವ ಬಯೋಸ್‌ಗೆ ಯಾವ ಎಸ್‌ಡಿಆರ್ ಹೊಂದುತ್ತೆ ಅಂತ ಬರೆದಿಟ್ಟುಕೊಂಡಿದ್ದಾರೆ. ಬೇರೆ ಮಾಡೆಲ್‌ನ ಫೈಲ್ ಹಾಕಿದರೆ ಕೆಲಸ ಕೆಡುತ್ತೆ, ಅದಕ್ಕೇ ಬೋರ್ಡಿನ ಮೇಲೆ ಅಚ್ಚಾಗಿರೋ ಮಾಡೆಲ್ ಹೆಸರನ್ನು ಕಣ್ಣಾರೆ ನೋಡಿದ ಮೇಲೇ ಪೆನ್‌ಡ್ರೈವ್ ಚುಚ್ಚಿದರು.

ವಿಂಡೋಸ್ ಏರುವ ಮೊದಲೇ ಯುಇಎಫ್‌ಐ ಶೆಲ್ ಅಂತ ಒಂದು ಕಪ್ಪು ಪರದೆ ಬಂತು. ಅಲ್ಲಿಂದ ಪೆನ್‌ಡ್ರೈವ್‌ನಲ್ಲಿರೋ ಪ್ರೋಗ್ರಾಮ್ ಓಡಿಸಿದರು. ಅದು ಡಬ್ಬಿ ಯಾವುದು ಅಂತ ತಾನೇ ಹುಡುಕಿ ನೋಡಿತು, ಗೊತ್ತಾಗದ್ದನ್ನು ಕೇಳಿತು. ಹುಡುಗಿ ಒಂದೊಂದು ಪ್ರಶ್ನೆಯನ್ನೂ ಜೋರಾಗಿ ಓದುತ್ತಾರೆ, ಮಾಲೀಕರು ಡಬ್ಬಿ ತೆರೆದು ನೋಡಿ ಹೇಳುತ್ತಾರೆ, ಆಮೇಲೆ ಒತ್ತುತ್ತಾರೆ. ಅಂದಾಜಿನಲ್ಲಿ ಒಂದಕ್ಕೂ ಉತ್ತರ ಕೊಡಲಿಲ್ಲ. ಬರೆದು ಮುಗಿದ ಮೇಲೆ ಎರಡೂ ಪವರ್ ವೈರ್ ಕಿತ್ತರು. ಸುಮ್ನೆ ರೀಸ್ಟಾರ್ಟ್ ಮಾಡಿದರೆ ಬಿಎಂಸಿ ಎಚ್ಚರವಾಗೇ ಇರುತ್ತೆ, ಅದೂ ಒಂದು ಸಲ ಮಲಗಿ ಏಳಲಿ ಅಂತ.

ಮತ್ತೆ ವೈರ್ ಚುಚ್ಚಿ, ಒಂದೆರಡು ನಿಮಿಷ ಬಿಟ್ಟು ಬಟನ್ ಒತ್ತಿದರು. ಫ್ಯಾನ್ ಮೊದಲಿನ ಹಾಗೇ ಜೋರಾಗಿ ಎದ್ದಿತು. ಅಪ್ಪ ನನ್ನ ಮುಖ ನೋಡಿದರು. ಹತ್ತು ಹದಿನೈದು ಸೆಕೆಂಡ್ ಇರಬಹುದು, ಸದ್ದು ಇಳಿಯುತ್ತಾ ಬಂತು, ಇನ್ನೂ ಇಳಿಯಿತು, ಗೋಡೆ ಗಡಿಯಾರದ ಟಿಕ್ ಟಿಕ್ ಕೇಳಿಸಿತು. ಹನ್ನೊಂದು ದಿನದ ಮೇಲೆ. ಪರದೆಯಲ್ಲಿ ನೋಡಿದರೆ ನಿಮಿಷಕ್ಕೆ 9,000 ಸುತ್ತುತ್ತಿದ್ದ ಫ್ಯಾನ್‌ಗಳು 3,000ದ ಹತ್ತಿರ ಬಂದಿದ್ದವು. ಹುಡುಗಿ ಅಲ್ಲಿಗೇ ಬಿಡಲಿಲ್ಲ, ಪ್ರೊಸೆಸರ್ ಮೇಲೆ ಭಾರ ಹಾಕಿ ಬಿಸಿ ಮಾಡಿ ಫ್ಯಾನ್ ಏರುತ್ತಾ ಅಂತ ನೋಡಿದರು. ಏರಿತು. ಭಾರ ತೆಗೆದ ಮೇಲೆ ಇಳಿಯಿತು. ರೆಸಿಸ್ಟರ್ ಹಾಕಿದ್ದರೆ ಇದು ಆಗುತ್ತಿತ್ತಾ?

ಕೊನೆಗೆ ಸೀರಿಯಲ್ ನಂಬರ್. ಒಬ್ಬರು ಓದಿದರು, ಒಬ್ಬರು ಬರೆದರು, ನನಗೆ ಸ್ಟಿಕ್ಕರ್ ಫೋಟೋ ಕೊಟ್ಟು ಅಕ್ಷರ ಅಕ್ಷರ ನೋಡಿ ಅಂದರು. ಸೊನ್ನೆಯೋ ಓ ಅಕ್ಷರವೋ ಅಂತ ಒಂದು ಕಡೆ ಅನುಮಾನ ಬಂತು, ಬಿಲ್ಲು ನೋಡಿ ಸೊನ್ನೆ ಅಂತ ಖಾತ್ರಿ ಮಾಡಿಕೊಂಡೆವು. ಈ ಚೀಟಿಯ ಒಂದೊಂದು ಭಾಗದ ಕೊನೆಗೂ ಒಂದು ತಾಳೆ ಅಂಕಿ ಇರುತ್ತೆ, ಆ ಭಾಗದ ಬೈಟುಗಳನ್ನೆಲ್ಲ ಕೂಡಿಸಿ 256ರಿಂದ ಭಾಗಿಸಿದರೆ ಶೇಷ ಸೊನ್ನೆ ಬರಬೇಕು, ಬರದಿದ್ದರೆ ಆ ಭಾಗ ಕೆಟ್ಟಿದೆ ಅಂತ ಅರ್ಥ. ದಿನದ ಕೊನೆಗೆ ಕಿರ್ದಿ ತಾಳೆ ನೋಡಿದ ಹಾಗೆ. ಬರೆದ ಮೇಲೆ ಮತ್ತೆ ಓದಿಸಿ ತೋರಿಸಿದರು. ಚುಕ್ಕೆಗಳ ಜಾಗದಲ್ಲಿ ನಮ್ಮ ಮಷೀನಿನ ನಂಬರ್ ಇತ್ತು.

ಆದರೂ ಲೈಸೆನ್ಸ್ ತೆರೆಯಲಿಲ್ಲ. ಆ ಸಾಫ್ಟ್‌ವೇರ್ ಸೀರಿಯಲ್ ಜೊತೆ ಯುಯುಐಡಿಯನ್ನೂ ನೋಡುತ್ತೆ, 32 ಅಂಕಿ ಅಕ್ಷರಗಳ ಒಂದು ಉದ್ದ ಗುರುತು ಅದು. ಅದನ್ನೂ ಹಳೇದೇ ಬರೆದುಬಿಡಿ ಅಂತ ನಾನು ಕೇಳಿದೆ. "ಅದು ಈ ಬೋರ್ಡಿನ ಜೋಡಿ ಬಂದದ್ದರಿ, ಅದನ್ನ ನಾವ ಮುಟ್ಟೂದಿಲ್ಲ. ಸಾಫ್ಟ್‌ವೇರ್‌ದವರಿಗೆ ಬರೀರಿ, ಹೊಸಾದ ಕೊಡ್ತಾರ" ಅಂದರು. ಆಗ ನನಗೆ ಬೇಸರ ಆಯಿತು ನಿಜ, ಆ ದಿನವೇ ಎರಡು ರವಾನೆ ಕಳಿಸಬೇಕಿತ್ತು, ಬಿಲ್ಲು ಕೈಯಲ್ಲಿ ಬರೆದೆವು. ಆದರೆ ಹಳೇ ಬೋರ್ಡ್, ಹೊಸ ಬೋರ್ಡ್ ಎರಡರ ನಂಬರ್ ಹಾಕಿ ಅವರೇ ಒಂದು ಪತ್ರ ಬರೆದುಕೊಟ್ಟರು, ಅದನ್ನು ಕಳಿಸಿದ ಎರಡು ದಿನಕ್ಕೆ ಹೊಸ ಲೈಸೆನ್ಸ್ ಬಂತು, ದುಡ್ಡಿಲ್ಲದೆ. ಅವರು ಹೇಳಿದ್ದೇ ಸರಿ ಇತ್ತು.

ನಮ್ಮದು ಇಂಟೆಲ್ ಬೋರ್ಡ್, ನಿಮ್ಮದು ಬೇರೆ ಇರಬಹುದು. ಹೋಗುವ ಮುಂಚೆ ಅವರನ್ನು ಕೇಳಿದೆ. ಡೆಲ್‌ನಲ್ಲಿ ಏಳು ಅಕ್ಷರದ ಸರ್ವಿಸ್ ಟ್ಯಾಗ್ ಇರುತ್ತೆ, ಇತ್ತೀಚಿನ ಪವರ್‌ಎಡ್ಜ್‌ಗಳಲ್ಲಿ ಅದರ ನಕಲು ಬೋರ್ಡಿನಿಂದ ಹೊರಗೆ ಇನ್ನೊಂದು ಚಿಪ್ಪಿನಲ್ಲೂ ಇರುತ್ತೆ, ಬೋರ್ಡ್ ಬದಲಿಸಿದ ಮೇಲೆ ವಾಪಸ್ ತುಂಬಲಾ ಅಂತ ಮಷೀನೇ ಕೇಳುತ್ತೆ. ಆಗ ಬೇಡ ಅಂತ ಒತ್ತಬಾರದು. ಎಚ್‌ಪಿ ಪ್ರೊಲಯಂಟ್‌ನಲ್ಲಿ ಸೀರಿಯಲ್ ನಂಬರ್, ಪ್ರಾಡಕ್ಟ್ ಐಡಿ ಎರಡನ್ನೂ ಬಯೋಸ್ ಸೆಟ್ಟಿಂಗಿನ ಒಳಗೆ ಸರ್ವಿಸ್ ಆಯ್ಕೆಗಳಲ್ಲಿ ಹೋಗಿ ಕೈಯಾರೆ ಬರೆಯಬೇಕು. ಲೆನೊವೊದಲ್ಲಿ ಒನ್‌ಸಿಎಲ್‌ಐ ಅನ್ನೋ ಪ್ರೋಗ್ರಾಮ್ ಇದೆ. ದಾರಿ ಬೇರೆ ಬೇರೆ, ಆದರೆ ಬೋರ್ಡ್ ಬದಲಾದ ಮೇಲೆ ಈ ನಂಬರ್‌ಗಳು ಸರಿ ಇವೆಯಾ ನೋಡಲೇಬೇಕು. ಬೋರ್ಡ್ ಹಾಕಿಸಿದ ದಿನವೇ ಪರದೆಯಲ್ಲಿ ಸೀರಿಯಲ್ ನಂಬರ್ ತೋರಿಸಿ ಅಂತ ಕೇಳಿ, ಡಬ್ಬಿಯ ಸ್ಟಿಕ್ಕರ್ ಜೊತೆ ಹೊಂದದಿದ್ದರೆ ದುಡ್ಡು ಕೊಡಬೇಡಿ. ನಮಗೆ ಇದು ಗೊತ್ತಿದ್ದಿದ್ದರೆ ಹನ್ನೊಂದು ದಿನ ಹೋಗುತ್ತಿರಲಿಲ್ಲ.

ದುಡ್ಡಿನ ವಿಷಯ. ಬಂದು ಹೋಗಿದ್ದಕ್ಕೆ, ಕೆಲಸಕ್ಕೆ ಎಲ್ಲ ಸೇರಿ ₹3,500. ಮೂರು ಗಂಟೆ ಇದ್ದರು. ಜಾಸ್ತಿ ಅಂತ ನನಗೆ ಅನಿಸಲಿಲ್ಲ. ಸರ್ವರ್ ಇಟ್ಟ ಜಾಗ ನೋಡಿ ಮಾಲೀಕರು ಬೆರಳಿಂದ ಡಬ್ಬಿಯ ಒಳಗೆ ಸವರಿ ತೋರಿಸಿದರು, ಬೆರಳು ಪೂರ್ತಿ ಕಪ್ಪು. ಇದು ಬರೀ ಧೂಳಲ್ಲ, ಕಬ್ಬಿಣದ ಪುಡಿ, ಕರೆಂಟ್ ಹರಿಯೋ ವಸ್ತು, ಶೆಡ್ಡಿನ ಗೋಡೆಯಿಂದ ಸರ್ವರ್ ದೂರ ಇಡಿ ಅಂದರು. ಅದಕ್ಕೆ ಬೇರೆ ದುಡ್ಡು ಕೇಳಲಿಲ್ಲ, ಬ್ಲೋವರ್ ತಂದಿದ್ದರು, ತಾವೇ ಊದಿದರು. ಈಗ ಸರ್ವರ್ ಅಪ್ಪನ ಕೋಣೆಯಲ್ಲಿದೆ.

ಸರಿ ಇಲ್ಲದ್ದೂ ಹೇಳಬೇಕು. ಫೋನ್ ಎತ್ತಲ್ಲ, ನಾಲ್ಕು ಸಲ ಮಾಡಿದರೆ ಒಂದು ಸಲ ಸಿಗುತ್ತಾರೆ. ಜಿಎಸ್‌ಟಿ ಬಿಲ್ಲು ಆ ದಿನ ಕೊಡಲಿಲ್ಲ, ಎರಡು ಸಲ ನೆನಪಿಸಿದ ಮೇಲೆ ವಾಟ್ಸಾಪ್‌ನಲ್ಲಿ ಬಂತು. ಇಬ್ಬರೇ ಇರೋದ್ರಿಂದ ಅವರು ಹೊರಗೆ ಹೋದರೆ ಅಂಗಡಿಗೆ ಬೀಗ, ಬಾಗಿಲ ಮೇಲೆ ಒಂದು ಚೀಟಿಯೂ ಇರಲ್ಲ. ದೊಡ್ಡ ಕಾರ್ಖಾನೆಯವರಿಗೆ, ಒಂದು ಗಂಟೆಯಲ್ಲಿ ಬರಲೇಬೇಕು ಅನ್ನೋರಿಗೆ ಇವರು ಆಗಲ್ಲ. ಮಾಡುವ ಕೆಲಸ ಮಾತ್ರ ಅಚ್ಚುಕಟ್ಟು. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತಿದ್ದೇನೆ, ಉಳಿದ ಒಂದು ಆ ಫೋನಿಗೆ.

ಹೊರಡುವ ಮುಂಚೆ ಹುಡುಗಿ ಡಬ್ಬಿಯ ಮುಚ್ಚಳದ ಒಳಗೆ ಒಂದು ಬಿಳಿ ಲೇಬಲ್ ಅಂಟಿಸಿದರು. ಸೀರಿಯಲ್ ನಂಬರ್, ಹಾಕಿದ ಎಸ್‌ಡಿಆರ್ ಫೈಲಿನ ಹೆಸರು, ಬಯೋಸ್ ವರ್ಷನ್, ತಾರೀಖು, ಎಲ್ಲ ಬಾಲ್‌ಪೆನ್ನಿನಲ್ಲಿ, ಮೇಲೆ ಸೆಲ್ಲೋಟೇಪ್. ಮುಂದೆ ಯಾರು ಮುಚ್ಚಳ ತೆಗೆದರೂ ಇದು ಮೊದಲು ಕಾಣಬೇಕು ಅಂದರು. ನಾವೂ ಅದರ ಫೋಟೋ ಇಟ್ಟುಕೊಂಡಿದ್ದೇವೆ.

ನೀವು ಹೋಗೋದಾದರೆ ಸ್ಟಿಕ್ಕರ್ ಫೋಟೋ, ಹಳೇ ಬಿಲ್ಲು ಜೊತೆಗೇ ತಗೊಂಡು ಹೋಗಿ. ಬೆಳಿಗ್ಗೆ ಹತ್ತೂವರೆಯಿಂದ ಹನ್ನೆರಡರ ಒಳಗೆ ಹೋದರೆ ಇಬ್ಬರೂ ಸಿಗುತ್ತಾರೆ.